ಎಲ್ಲಾ ಮಕ್ಕಳಿಗೋಸ್ಕರ ಕಣೇ!

ಯುಗಾದಿ ಹೋಳಿಗೆ ಅರಗುವಷ್ಟರಲ್ಲಿ ಬೆಂಗಳೂರಿನ ಯಜಮಾನರಿಗೆ ಇನ್ನೊಂದು ಹುಚ್ಚು ಹಿಡಿಯುತ್ತದೆ. ‘ಈ ಶನಿವಾರ, ಭಾನುವಾರ ಮಕ್ಕಳಿಗೆ ಒಂದಿಷ್ಟು ಸಂಸ್ಕೃತಿ ತೋರಿಸಬೇಕು ಕಣೇ.’ ಸಂಸ್ಕೃತಿ ಅಂದ್ರೆ ಬನ್ನೇರುಘಟ್ಟದ ಬೋನಿನಲ್ಲಿ ಕೂತಿರೋ ಹುಲಿ ಅನ್ನೋ ಹಾಗೆ! ಮಕ್ಕಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ‘ಮಾಲ್’ ಅಂದುಬಿಡುತ್ತಾರೆ ಅನ್ನುವ ಭಯ.

ಮೊದಲು ಕಸ್ತೂರ್ಬಾ ರಸ್ತೆ. ವಿಶ್ವೇಶ್ವರಯ್ಯ ಮ್ಯೂಸಿಯಂ, ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಚಿತ್ರಶಾಲೆ ಎಲ್ಲಾ ಒಂದರ ಪಕ್ಕ ಒಂದು. ಒಂದೇ ಪಾರ್ಕಿಂಗಿಗೆ ಮೂರು ಸಂಸ್ಕೃತಿ. ಈ ಊರಿನಲ್ಲಿ ಇದಕ್ಕಿಂತ ಲಾಭದ ವ್ಯವಹಾರ ಉಂಟೇ? ಕೆ. ವೆಂಕಟಪ್ಪ ಅವನೀಂದ್ರನಾಥ ಠಾಕೂರರ ಶಿಷ್ಯ, ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದವರು, ಮೇಲಾಗಿ ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು ಎಂದು ಅಪ್ಪ ರಾತ್ರಿಯೇ ಓದಿಕೊಂಡು ಬಂದಿರುತ್ತಾರೆ. ಮಗನ ಕಣ್ಣೆಲ್ಲ ಪಕ್ಕದ ಕಾಂಪೌಂಡಿನ ಡೈನೋಸಾರ್ ಮೇಲೆ.

ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರಿನ ವೀರಗಲ್ಲಿನ ಕತೆ ಇನ್ನೂ ಸೊಗಸು. ಕಲ್ಲು ಹತ್ತನೇ ಶತಮಾನದ್ದು. ತಕ್ಕೋಲದಲ್ಲಿ ರಾಷ್ಟ್ರಕೂಟ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು, ಗಂಗ ಬೂತುಗ ರಾಷ್ಟ್ರಕೂಟರ ಕಡೆ ಇದ್ದ ಅಂತ ಅಪ್ಪನ ಪಾಠ ಶುರು. ಮಕ್ಕಳಿಗೆ ಆಕಳಿಕೆ. ಬೂತುಗನ ಬಂಟ ಮಣಲೇರ ಚೆನ್ನಾಗಿ ಕಾದಾಡಿ ಮೆಚ್ಚುಗೆ ಪಡೆದ, ‘ಏನು ಬೇಕೋ ಕೇಳು’ ಅಂದರೆ ಕಾಳಿ ಅನ್ನುವ ನಾಯಿಯನ್ನು ಕೇಳಿದ ಅಂದಾಗ ಮಾತ್ರ ಕಿವಿ ನೆಟ್ಟಗಾಗುತ್ತದೆ. ಆ ನಾಯಿ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು. ‘ಊರು ಕೇಳದೆ ನಾಯಿ ಕೇಳಿದ್ನಾ? ಸೂಪರ್ ಅಪ್ಪಾ! ನಮ್ಮನೇಗೂ ಒಂದು...’ ‘ನಡಿ ನಡಿ, ಹೊತ್ತಾಯ್ತು.’ ಸಂಸ್ಕೃತಿ ನಾಟಿದ ಗಳಿಗೆಗೇ ಅಪ್ಪನಿಗೆ ಹೊತ್ತಾಗಬೇಕೇ?

ದಾರಿಯಲ್ಲಿ ಗುಲಾಬಿ ಟಬೂಬಿಯಾ ಮರದಡಿ ಒಂದು ಸೆಲ್ಫಿ, ವಾಟ್ಸಾಪ್ ಸ್ಟೇಟಸ್. ಅಲ್ಲಿಗೆ ವಸಂತ ಮುಗಿಯಿತು.

ಸಂಜೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ, ರಾಮನವಮಿ ಕಚೇರಿ. 1939ರಿಂದ ಶ್ರೀ ರಾಮಸೇವಾ ಮಂಡಳಿ ನಡೆಸಿಕೊಂಡು ಬಂದಿರುವ ಚಪ್ಪರ. ‘ಮಕ್ಕಳಿಗೆ ಕಿವಿ ಸಂಸ್ಕಾರ ಆಗಬೇಕು’ ಅಂತ ಅಜ್ಜಿಯನ್ನೂ ಹೊರಡಿಸಿರುತ್ತಾರೆ. ರಾಗ ಆಲಾಪನೆಯವರೆಗೆ ಮಕ್ಕಳು ಕುರ್ಚಿ ಮೇಲೆ ಕೂತ ಭಂಗಿಗಳನ್ನು ಭರತನೂ ಬರೆದಿಲ್ಲ. ತನಿ ಆವರ್ತನ ಶುರುವಾದದ್ದೇ ತಡ, ತಾಳ ಹಾಕುತ್ತಿದ್ದ ರಸಿಕ ಮಹಾಶಯರೆಲ್ಲ ಕಾಫಿಗೆ ಎದ್ದು ಹೊರಡುತ್ತಾರೆ! ಮೃದಂಗಕ್ಕೂ ಘಟಕ್ಕೂ ಜುಗಲ್‌ಬಂದಿ ಬಿದ್ದಾಗ ಬಾಯಿ ಬಿಟ್ಟುಕೊಂಡು ನೋಡುವವರು ಯಾರು? ಅದೇ ಮಕ್ಕಳು. ‘ಅಜ್ಜಿ, ಆ ಅಂಕಲ್ ಮಡಕೆ ಒಡೆದು ಹಾಕ್ತಾರಾ?’ ‘ಸುಮ್ನಿರೋ ಪುಟ್ಟ, ಜನ ನೋಡ್ತಾರೆ.’ ಜನ ಎಲ್ಲಿದ್ದಾರೆ ಅಜ್ಜಿ? ಎಲ್ಲ ಬೋಂಡಾ ಮುಂದೆ.

ಇನ್ನು ಚೈತ್ರ ಹುಣ್ಣಿಮೆಗೆ ಕರಗ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಬೀಳುವುದು ನಡುರಾತ್ರಿ ದಾಟಿದ ಮೇಲೆ. ‘ದರ್ಗಾಕ್ಕೂ ಹೋಗಿಬರುತ್ತೆ ಕಣೋ, ಮಸ್ತಾನ್ ಸಾಬರ ದರ್ಗಾಕ್ಕೆ. ಇಂಥದ್ದು ಬೇರೆಲ್ಲಿ ಸಿಗುತ್ತೆ?’ ಅಂತ ಅಪ್ಪ ಹನ್ನೊಂದು ಗಂಟೆಗೇ ಪೇಟೆಯ ಅಂಗಡಿ ಜಗಲಿ ಹಿಡಿದು ಭಾಷಣ ಮಾಡಿ, ಹನ್ನೆರಡಕ್ಕೆ ಷಟರ್‌ಗೆ ಒರಗಿ ಗೊರಕೆ. ಮಗ ಅಮ್ಮನ ಹೆಗಲೇರಿ ಕೂತಿದ್ದಾನೆ. ಕತ್ತಿ ಹಿಡಿದ ವೀರಕುಮಾರರು, ‘ಗೋವಿಂದಾ’ ಅನ್ನುವ ಕೂಗು, ಮಲ್ಲಿಗೆಯ ಘಮ, ಕೈ ಹಿಡಿಯದೆ ತಲೆ ಮೇಲೆ ನಿಂತ ಕರಗ, ಎಲ್ಲಾ ಆಯಿತು.

‘ಏನೇ, ಬಂತಾ?’ ಅಂತ ಯಜಮಾನರು ಕಣ್ಣುಜ್ಜಿಕೊಂಡು ಏಳುತ್ತಾರೆ.

‘ಹೋಯ್ತು ಅಪ್ಪಾ. ನಿಂಗೆ ಬೇಕಾದ್ರೆ ಮನೆಗೆ ಹೋಗಿ ಹೇಳ್ತೀನಿ.’