ಐದು ಪರ್ಸೆಂಟ್ ರಾಯರು

ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ರಮೋನ್, ಹೀಗೆ ಬೇ ಏರಿಯಾದ ಯಾವ ಊರಿನ ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಊಟದ ಮೇಲೆ ಗಂಡಸರ ಮಾತು ಹಿಡಿಯುವ ದಾರಿ ಒಂದೇ. ಮೊದಲು ಗ್ರೀನ್ ಕಾರ್ಡಿನ ಡೇಟು ಎಲ್ಲಿಗೆ ಬಂತು, ಆಮೇಲೆ ಮನೆ ಸಾಲದ ಬಡ್ಡಿ, ಆಮೇಲೆ ದೇವನಹಳ್ಳಿ ಕಡೆಯ ಸೈಟಿನ ರೇಟು, ಕೊನೆಗೆ ಎನ್‌ವಿಡಿಯಾ. ಎನ್‌ವಿಡಿಯಾವನ್ನು ಯಾರು ಎಷ್ಟಕ್ಕೆ ಕೊಂಡರು, ಯಾರು ಎಷ್ಟಕ್ಕೆ ಮಾರಿ ಕೈ ಕೈ ಹಿಸುಕಿಕೊಂಡರು ಎಂಬ ಪುರಾಣ ಮುಗಿಯುವ ತನಕ ಒಬ್ಬರು ಮಾತ್ರ ತುಟಿ ಬಿಚ್ಚುವುದಿಲ್ಲ. ಸೋಫಾದ ಮೂಲೆಯಲ್ಲಿ ಕೂತು ಪೇಪರ್ ತಟ್ಟೆಗೆ ಅಂಟಿದ ಸಜ್ಜಿಗೆಯನ್ನು ಚಮಚದಲ್ಲಿ ಕೆರೆಯುತ್ತಾ ಕಾಯುತ್ತಿರುತ್ತಾರೆ. ಗದ್ದಲ ಇಳಿದ ಮೇಲೆ ತಟ್ಟೆ ಪಕ್ಕಕ್ಕಿಟ್ಟು ಕೇಳುತ್ತಾರೆ: “ಅದೆಲ್ಲ ಸರಿ. ಇಂಟರ್‌ನ್ಯಾಷನಲ್ ಸ್ಮಾಲ್ ಎಷ್ಟಿಟ್ಟಿದ್ದೀರಾ?”

ಯಾರೂ ಏನೂ ಇಟ್ಟಿರುವುದಿಲ್ಲ. ಅದು ಅವರಿಗೂ ಗೊತ್ತು. ಗೊತ್ತಿದ್ದೇ ಕೇಳುವುದು.

ಇವರೇ ಐದು ಪರ್ಸೆಂಟ್ ರಾಯರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯಿದೆ, ಅದು ಬೇಡ, ಯಾಕೆಂದರೆ ಇವರು ಒಬ್ಬರಲ್ಲ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಒಬ್ಬರಿದ್ದಾರೆ, ಡಲ್ಲಾಸಿನಲ್ಲಿ ಒಬ್ಬರು, ಸಿಯಾಟಲ್‌ನಲ್ಲಿ ಒಬ್ಬರಿಗಿಂತ ಹೆಚ್ಚೇ ಇರಬೇಕು. ವಯಸ್ಸು ನಲವತ್ತೈದರ ಆಚೀಚೆ, ಕಣ್ಣಿಗೆ ಕನ್ನಡಕ, ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಎಕ್ಸೆಲ್ ಹಾಳೆ. ಆ ಹಾಳೆಯ ಪ್ರಕಾರ ಇವರ ಉಳಿತಾಯದ ನೂರರಲ್ಲಿ ಐದು ಪಾಲು ಅಮೆರಿಕದ ಹೊರಗಿನ ಸಣ್ಣ ಕಂಪನಿಗಳ ಮ್ಯೂಚುವಲ್ ಫಂಡಿನಲ್ಲಿದೆ. ವ್ಯಾನ್‌ಗಾರ್ಡ್ 2009ರಲ್ಲಿ ಶುರು ಮಾಡಿದ ಇಂಡೆಕ್ಸ್ ಫಂಡು. ಅದರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕಂಪನಿಗಳಿವೆ: ಜಪಾನಿನವು, ಕೆನಡಾದವು, ಬ್ರಿಟನ್ನಿನವು, ತೈವಾನಿನವು, ಸ್ವೀಡನ್ನಿನವು. ಖರ್ಚು ನೂರು ಡಾಲರಿಗೆ ವರ್ಷಕ್ಕೆ ಇಪ್ಪತ್ತು ಸೆಂಟೂ ಇಲ್ಲ.

“ನಾಲ್ಕು ಸಾವಿರದಲ್ಲಿ ಒಂದರ ಹೆಸರು ಹೇಳಿ ರಾಯರೇ” ಎಂದು ಯಾರಾದರೂ ಕೆಣಕಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. “ಹೆಸರು ಗೊತ್ತಿದ್ರೆ ಅದು ಸ್ಮಾಲ್ ಹೇಗಾಗುತ್ತೆ ಸ್ವಾಮಿ?” ಎನ್ನುತ್ತಾರೆ. ಸ್ಮಾಲ್ ಎಂದರೆ ಮೂಲೆಯ ಕಿರಾಣಿ ಅಂಗಡಿ ಎಂದು ತಿಳಿಯಬಾರದು. ಒಂದೆರಡು ಬಿಲಿಯನ್ ಡಾಲರ್ ಬೆಲೆಬಾಳುವ ಕಂಪನಿಯನ್ನು ಈ ಲೋಕದಲ್ಲಿ ಸಣ್ಣದು ಎನ್ನುತ್ತಾರೆ. ರೂಪಾಯಿಗೆ ತಿರುಗಿಸಿದರೆ ಹತ್ತು ಹದಿನೈದು ಸಾವಿರ ಕೋಟಿ.

ಮ್ಯೂಚುವಲ್ ಫಂಡಿಗೆ ದಿನಕ್ಕೆ ಒಂದೇ ಬೆಲೆ. ನ್ಯೂಯಾರ್ಕಿನಲ್ಲಿ ಸಂಜೆ ನಾಲ್ಕಕ್ಕೆ, ಅಂದರೆ ಕ್ಯಾಲಿಫೋರ್ನಿಯಾದ ಮಧ್ಯಾಹ್ನ ಒಂದಕ್ಕೆ ಪೇಟೆ ಮುಚ್ಚಿದ ಮೇಲೆ ಲೆಕ್ಕ ಹಾಕಿ ಎನ್‌ಎವಿ ಎಂಬ ಆ ಬೆಲೆಯನ್ನು ಪ್ರಕಟಿಸುತ್ತಾರೆ. ಇದೇ ಫಂಡು ಇಟಿಎಫ್ ರೂಪದಲ್ಲೂ ಸಿಗುತ್ತದೆ, ಬೇಕಾದರೆ ನಿಮಿಷ ನಿಮಿಷಕ್ಕೂ ಬೆಲೆ ನೋಡಬಹುದು. ರಾಯರ ಮಟ್ಟಿಗೆ ಅದು ಚಪಲ. “ನಾನು ದಿನಕ್ಕೆ ಒಂದೇ ಸಲ ನೋಡೋನು” ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆ ಒಂದು ಸಲ ಮಧ್ಯಾಹ್ನ ಒಂದಕ್ಕೆ ಶುರುವಾಗಿ ಸಂಜೆ ಆರರವರೆಗೆ ನಡೆಯುತ್ತದೆ.

ಈ ಎನ್‌ಎವಿ ವಿಷಯದಲ್ಲಿ ಅವರ ಬತ್ತಳಿಕೆಯಲ್ಲಿ ಒಂದು ಕಥೆಯಿದೆ. ಟೋಕಿಯೋ ಪೇಟೆ ಮುಚ್ಚಿದ ಎಷ್ಟೋ ಗಂಟೆಗಳ ಮೇಲೆ ನ್ಯೂಯಾರ್ಕಿನ ಲೆಕ್ಕ. ಹಿಂದೆಲ್ಲ ಹೊರದೇಶದ ಷೇರಿನ ಫಂಡುಗಳು ಆ ಹಳಸಿದ ಬೆಲೆಯನ್ನೇ ಹಿಡಿದು ಎನ್‌ಎವಿ ಕಟ್ಟುತ್ತಿದ್ದವು. ಮರುದಿನ ಟೋಕಿಯೋ ಏರುತ್ತದೆಂದು ಅಮೆರಿಕದ ಪೇಟೆ ನೋಡಿಯೇ ಊಹಿಸಿದ ಚಾಲಾಕಿಗಳು ಇಂದು ನುಗ್ಗಿ ನಾಳೆ ಹೊರಬಿದ್ದು, ಸುಮ್ಮನೆ ಕೂತವರ ದುಡ್ಡನ್ನು ಮೇಯುತ್ತಿದ್ದರು. 2003ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಇದನ್ನು ಬಯಲಿಗೆಳೆದರು. ರಾಯರು ಈ ಕಥೆ ಹೇಳುವಾಗ ಕೀಚಕ ವಧೆಯ ಆವೇಶವಿರುತ್ತದೆ. ಅಷ್ಟು ಹೊತ್ತಿಗೆ ಕೇಳುವವರು ಕಾಫಿಗೆ ಎದ್ದಿರುತ್ತಾರೆ.

ಆಧಾರ ಗ್ರಂಥಗಳಿಲ್ಲದೆ ರಾಯರು ಮಾತಾಡುವವರಲ್ಲ. 1981ರಲ್ಲಿ ರೋಲ್ಫ್ ಬಾನ್ಸ್ ಎಂಬ ವಿದ್ವಾಂಸರು ನ್ಯೂಯಾರ್ಕ್ ಷೇರುಪೇಟೆಯ ಹಳೆಯ ಲೆಕ್ಕಗಳನ್ನು ಜಾಲಾಡಿ, ಸಣ್ಣ ಕಂಪನಿಗಳು ದೊಡ್ಡವಕ್ಕಿಂತ ಹೆಚ್ಚು ಲಾಭ ಕೊಟ್ಟಿವೆ ಎಂದು ಬರೆದರು. ಅದೇ ವರ್ಷ ಡೇವಿಡ್ ಬೂತ್, ರೆಕ್ಸ್ ಸಿಂಕ್‌ಫೀಲ್ಡ್ ಎಂಬಿಬ್ಬರು ಸಣ್ಣ ಕಂಪನಿಗಳನ್ನೇ ನಂಬಿ ಡೈಮೆನ್ಷನಲ್ ಎಂಬ ಸಂಸ್ಥೆ ಕಟ್ಟಿದರು. 1992ರಲ್ಲಿ ಫಾಮಾ ಮತ್ತು ಫ್ರೆಂಚ್ ಇದಕ್ಕೆ ಇನ್ನಷ್ಟು ಗಣಿತ ಸೇರಿಸಿದರು. ಆದರೆ ಪ್ರಬಂಧ ಅಚ್ಚಾದ ಮೇಲೆ ಅಮೆರಿಕದ ಸಣ್ಣ ಕಂಪನಿಗಳು ಅದನ್ನು ಓದಿಕೊಂಡು ನಡೆದ ಹಾಗೆ ಕಾಣುವುದಿಲ್ಲ. ಎಂಬತ್ತರ ದಶಕದಿಂದೀಚೆಗೆ ಆ ಹೆಚ್ಚುವರಿ ಲಾಭ ಎಲ್ಲಿ ಹೋಯಿತೆಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ರಾಯರ ಬಳಿ ಉತ್ತರವಿದೆ: “ಅಮೆರಿಕದಲ್ಲಿ ಎಲ್ರಿಗೂ ಗೊತ್ತಾಗ್ಹೋಯ್ತು. ಹೊರಗಡೆ ಇನ್ನೂ ಯಾರಿಗೂ ಗೊತ್ತಾಗಿಲ್ಲ.”

ಅವರ ಪರಮಗುರು ಜಾನ್ ಬೋಗಲ್. ವ್ಯಾನ್‌ಗಾರ್ಡ್ ಕಟ್ಟಿದವರು, 1976ರಲ್ಲಿ ಜನಸಾಮಾನ್ಯರಿಗೆ ಇಂಡೆಕ್ಸ್ ಫಂಡು ಕೊಟ್ಟವರು, 2019ರ ಜನವರಿಯಲ್ಲಿ ತೀರಿಕೊಂಡರು. ರಾಯರು ಅವರ ಪುಸ್ತಕಗಳನ್ನು ಓದಿದ್ದಾರೆ, ಗೃಹಪ್ರವೇಶಕ್ಕೆ ಉಡುಗೊರೆ ಎಂದು ಹಂಚಿದ್ದಾರೆ. ತೊಡಕು ಒಂದೇ. ಅಮೆರಿಕದಲ್ಲಿರುವವರಿಗೆ ಹೊರದೇಶದ ಷೇರುಗಳ ಅಗತ್ಯವೇ ಇಲ್ಲ ಎಂದು ಬೋಗಲ್ ಕೊನೆತನಕ ಹೇಳುತ್ತಲೇ ಇದ್ದರು. ಈ ಮಾತು ಎತ್ತಿದರೆ ರಾಯರು ಒಂದು ಕ್ಷಣ ಸೂರು ನೋಡುತ್ತಾರೆ. “ಹಿರಿಯರು. ಆ ಒಂದು ವಿಷಯದಲ್ಲಿ ಸ್ವಲ್ಪ…” ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ.

ಆ ಫಂಡಿನಲ್ಲಿ ಜಪಾನಿನ ಪಾಲು ದೊಡ್ಡದು. ಹಾಗಾಗಿ ಜಪಾನ್ ಎಂದರೆ ರಾಯರಿಗೆ ಒಂದು ಬಗೆಯ ಮಮತೆ. ನಿಕ್ಕೆ ಸೂಚ್ಯಂಕ 1989ರ ಡಿಸೆಂಬರಿನಲ್ಲಿ 38,915ಕ್ಕೆ ಏರಿ, ಬಿದ್ದು, ಮತ್ತೆ ಆ ಎತ್ತರ ಕಂಡದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ. ಬೇರೆಯವರಿಗೆ ಇದು ಎಚ್ಚರಿಕೆಯ ಕಥೆ, ರಾಯರಿಗೆ ತಾಳ್ಮೆಯ ಕಥೆ. ಅದೇ ವರ್ಷ ಜೂನ್ ಕೊನೆಯಲ್ಲಿ, ಮಕ್ಕಳಿಗೆ ರಜೆ ಬಂದಾಗ, ಸಂಸಾರ ಸಮೇತ ಜಪಾನಿಗೆ ಹೋದರು. 2021ರ ಆರಂಭದಲ್ಲಿ ಡಾಲರಿಗೆ 103ರ ಸುಮಾರಿನಲ್ಲಿದ್ದ ಯೆನ್ ಆ ಹೊತ್ತಿಗೆ 160 ದಾಟಿತ್ತು. ಅಮೆರಿಕದ ಪ್ರವಾಸಿಗರಿಗೆಲ್ಲ ಹಬ್ಬ. “ನಾಲ್ಕು ಜನ ಹೊಟ್ಟೆ ತುಂಬ ತಿಂದ್ವಿ, ನಲವತ್ತು ಡಾಲರೂ ಆಗ್ಲಿಲ್ಲ ರೀ!” ಎಂದು ಹೆಂಡತಿ ಬಿಲ್ಲು ತೋರಿಸಿದರೆ ರಾಯರ ಮುಖ ಇನ್ನಷ್ಟು ಬಾಡಿತು. ಊಟ ಎಷ್ಟು ಅಗ್ಗವೋ ಫಂಡು ಅಷ್ಟು ಸೊರಗಿದೆ ಎಂದು ಅವರ ಲೆಕ್ಕ.

ಒಸಾಕಾದಿಂದ ನಾರಾಕ್ಕೆ ಹೋಗುವ ರೈಲು ಹಿಗಾಶಿ ಒಸಾಕಾವನ್ನು ಹಾದು ಹೋಗುತ್ತದೆ. ಸಣ್ಣ ಕಾರ್ಖಾನೆಗಳಿಗೆ ಹೆಸರಾದ ಊರು. ಕಿಟಕಿಯಾಚೆ ಮಳೆಯಲ್ಲಿ ನೆನೆಯುತ್ತಿದ್ದ ತಗಡಿನ ಶೆಡ್ಡೊಂದನ್ನು ತೋರಿಸಿ ರಾಯರು ಮಗಳಿಗೆ ಹೇಳಿದರಂತೆ: “ನೋಡು ಪುಟ್ಟಿ, ಇದು ನಮ್ದೂ ಇರಬಹುದು.” ಮಗಳು ಫೋನಿನಿಂದ ತಲೆಯೆತ್ತಿ, “ನಮ್ಮ ಪಾಲಿಗೆ ಎಷ್ಟು ಬರುತ್ತೆ ಅಪ್ಪಾ, ಒಂದು ಸ್ಕ್ರೂ?” ಅಂದಳು. ಅಂಥ ಶೆಡ್ಡುಗಳಲ್ಲಿ ಹೆಚ್ಚಿನವು ಷೇರುಪೇಟೆಯ ಮೆಟ್ಟಿಲು ಹತ್ತಿದವೇ ಅಲ್ಲ. ಆದರೂ ನಾರಾದಲ್ಲಿ ಇಳಿಯುವವರೆಗೆ ರಾಯರು ಒಬ್ಬ ಮಾಲೀಕನ ಗಾಂಭೀರ್ಯದಿಂದ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ ಎಂದು ಅವರ ಹೆಂಡತಿಯೇ ಹೇಳಿದ್ದು.

ತೆರಿಗೆಯ ಭಾಗ ಬಂದರೆ ರಾಯರು ರಂಗೇರುತ್ತಾರೆ. ಹೊರದೇಶಗಳು ಡಿವಿಡೆಂಡಿನಲ್ಲಿ ತಮ್ಮ ಪಾಲು ಮುರಿದುಕೊಂಡೇ ಕಳಿಸುತ್ತವೆ. ಆ ಮುರಿದದ್ದನ್ನು ಅಮೆರಿಕದ ತೆರಿಗೆಯಲ್ಲಿ ವಜಾ ಪಡೆಯಬಹುದು, ಆದರೆ ಫಂಡು ರಾತ್ ಐಆರ್‌ಎ ಎಂಬ ನಿವೃತ್ತಿ ಖಾತೆಯಲ್ಲಿದ್ದರೆ ಆ ಭಾಗ್ಯವಿಲ್ಲ. ಗಂಡ ಹೆಂಡತಿ ಸೇರಿ ಫೈಲ್ ಮಾಡುವಾಗ ಈ ಮೊತ್ತ 600 ಡಾಲರಿನೊಳಗಿದ್ದರೆ 1116 ಎಂಬ ತಲೆನೋವಿನ ಫಾರಂ ತುಂಬದೆಯೇ ವಜಾ ಸಿಗುತ್ತದೆ. ಐದು ಪರ್ಸೆಂಟ್ ಯಾಕೆ ಏಳಲ್ಲ, ಎಂಟಲ್ಲ ಎಂದು ಬಹಳ ಕಾಲ ನನಗೆ ಸೋಜಿಗವಿತ್ತು. ವಿದ್ವಾಂಸರ ಪ್ರಬಂಧದಲ್ಲಿ ಏನೋ ಸೂತ್ರವಿರಬೇಕು ಎಂದುಕೊಂಡಿದ್ದೆ. ಎಲ್ಲ ವಿದೇಶಿ ಫಂಡುಗಳ ತೆರಿಗೆ ಕೂಡಿ 600 ದಾಟದ ಹಾಗೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದ್ದು ಅಂತೆ.

ಈಗ ಉಳಿದ ತೊಂಬತ್ತೈದರ ವಿಚಾರ. ಇದನ್ನು ಕೇಳುವವರು ಕಡಿಮೆ, ಕೇಳಿದರೆ ರಾಯರ ದನಿ ಇಳಿಯುತ್ತದೆ. ಇಪ್ಪತ್ತು ಪಾಲು ಸಾಧಾರಣ ಇಂಡೆಕ್ಸ್ ಫಂಡುಗಳಲ್ಲಿ. ಮಿಕ್ಕ ಎಪ್ಪತ್ತೈದು ಪಾಲು ಅವರು ಕೆಲಸ ಮಾಡುವ ಕಂಪನಿಯ ಷೇರು. ಕಂಪನಿ ಕೊಡುತ್ತೇನೆಂದ ಷೇರು, ಅಂದರೆ ಆರ್‌ಎಸ್‌ಯು, ಮೂರು ತಿಂಗಳಿಗೊಮ್ಮೆ ವೆಸ್ಟ್ ಆಗಿ ಖಾತೆಗೆ ಬೀಳುತ್ತದೆ, ಬಿದ್ದಲ್ಲೇ ಇರುತ್ತದೆ. ಸಂಬಳ ಅದೇ ಕಂಪನಿಯದು. ಹೆಂಡತಿಯ ಕೆಲಸವೂ ಅಲ್ಲೇ, ಪಾರ್ಕಿಂಗ್ ಲಾಟಿನ ಆಚೆಯ ಕಟ್ಟಡದಲ್ಲಿ. ಮನೆ ಕೊಂಡದ್ದು ಆಫೀಸಿಗೆ ಹತ್ತಿರವೆಂದು, ಮನೆಯ ಬೆಲೆ ಏರಿದ್ದೂ ಆ ಆಫೀಸಿನ ದೆಸೆಯಿಂದ. ಫಿನ್ಲೆಂಡಿನ ಯಾವುದೋ ಕಾಗದದ ಕಾರ್ಖಾನೆ ಮುಳುಗಿದರೆ ರಾಯರ ಕೂದಲೂ ಕೊಂಕದ ಹಾಗೆ ಸಕಲ ಏರ್ಪಾಡಾಗಿದೆ. ಸನ್ನಿವೇಲಿನ ಒಂದು ರಸ್ತೆಗೆ ಏನಾದರೂ ಆದರೆ ಮಾತ್ರ ಕಷ್ಟ.

ವೆಸ್ಟ್ ಆದ ದಿನವೇ ಸಂಬಳದ ಲೆಕ್ಕದಲ್ಲಿ ತೆರಿಗೆ ಮುರಿದಿರುತ್ತಾರೆ, ಆ ದಿನವೇ ಮಾರಿದರೆ ಮೇಲೆ ತೆರಿಗೆಯೇ ಇಲ್ಲ. ಇದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಬಿಡಿಸಿ ಹೇಳಿ, “ಒಂದೇ ಬುಟ್ಟೀಲಿ ಇಡಬೇಡ್ರಪ್ಪ” ಎಂದು ಬುದ್ಧಿ ಹೇಳುವವರೂ ರಾಯರೇ. ಕಪಟ ಅಲ್ಲ ಅದು. ನನಗೆ ಅನ್ನಿಸುವುದು ಇಷ್ಟು: ಕಂಪನಿ ಅವರನ್ನು ಆರಿಸಿತು, ಮನೆಯನ್ನು ಸ್ಕೂಲ್ ಡಿಸ್ಟ್ರಿಕ್ಟ್ ಆರಿಸಿತು, 401(ಕೆ) ನಿವೃತ್ತಿ ಖಾತೆಯ ಫಂಡುಗಳನ್ನು ಎಚ್‌ಆರ್ ಆರಿಸಿತು. ತಾವೇ ಓದಿ, ತಾವೇ ತೂಗಿ, ತಾವೇ ಕೈಯಾರೆ ಆರಿಸಿಕೊಂಡದ್ದು ಈ ಐದು ಪರ್ಸೆಂಟನ್ನು ಮಾತ್ರ. ಅದರ ಬಗ್ಗೆ ಮಾತಾಡದೆ ಇನ್ನು ಯಾವುದರ ಬಗ್ಗೆ ಮಾತಾಡಬೇಕು?

ಅವರಿಗೆ ಎದುರಾಳಿ ಎಂದು ಸಿಕ್ಕಿದ್ದು ಮಾವ. ಮಲ್ಲೇಶ್ವರದವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರ್ ಆದವರು, ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರು. ಕ್ಯಾಲಿಫೋರ್ನಿಯಾದ ಮಧ್ಯಾಹ್ನಗಳು ಬಲು ಉದ್ದ. ಅಳಿಯನ ಫಂಡಿನ ಪಟ್ಟಿಯನ್ನು ಪ್ರಿಂಟ್ ತೆಗೆಸಿಕೊಂಡು, ಪೆನ್ಸಿಲ್ ಹಿಡಿದು ಕೂತರು. ಸಂಜೆಯ ಹೊತ್ತಿಗೆ ಅಲ್ಲಲ್ಲಿ ಟಿಕ್ ಬಿದ್ದಿತ್ತು.

“ಅಳಿಯಂದ್ರೇ, ಇದರಲ್ಲಿ ನಮ್ಮ ಕಂಪನಿಗಳೂ ಇವೆಯಲ್ಲ! ಮುಂಬೈಯವು, ಚೆನ್ನೈಯವು. ಇವೆಲ್ಲ ಸ್ಮಾಲೇ? ನಮ್ಮ ಸೆಬಿ ಪ್ರಕಾರ ಮೊದಲ ನೂರು ಲಾರ್ಜ್, 101ರಿಂದ 250 ಮಿಡ್, 251ರಿಂದ ಸ್ಮಾಲ್. ಇಗೋ, ಇದು ಮಿಡ್ಡು. ನನ್ನ ಡಿಮ್ಯಾಟ್‌ನಲ್ಲೇ ಇದೆ.”

“ಅದು ಬೇರೆ ಇಂಡೆಕ್ಸ್ ಮಾವ.”

“ಅಂದರೆ ಬೆಂಗಳೂರಿನೋರು ಅಮೆರಿಕಕ್ಕೆ ಬಂದು, ಡಾಲರು ದುಡಿದು, ಅಮೆರಿಕದ ಫಂಡಿಗೆ ಹಾಕಿ, ಅವರು ವಾಪಸ್ ಇಂಡಿಯಾದ ಷೇರು ಕೊಳ್ಳೋದು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ್ರು ಅನ್ನಿ. ನೇರವಾಗಿ ನಮ್ಮಲ್ಲೇ ಒಂದು ಫಂಡು ತಗೋಬಾರ್ದೇ?”

ರಾಯರು ನಡುಗಿದರು. ಅಮೆರಿಕದ ತೆರಿಗೆಗೆ ಒಳಪಟ್ಟವರು ಭಾರತದ ಮ್ಯೂಚುವಲ್ ಫಂಡು ಇಟ್ಟುಕೊಂಡರೆ ಅದು ಪಿಎಫ್‌ಐಸಿ ಎಂಬ ದುಬಾರಿ ತೆರಿಗೆಯ ಜಾತಿಗೆ ಸೇರುತ್ತದೆ. ಅದಕ್ಕೆ 8621 ಎಂಬ ಫಾರಂ, ಅದರ ಮುಂದೆ 1116 ಬಾಲಬೋಧೆ. ಇದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಮಾವ ತಮ್ಮದೇ ದೂರು ತೆಗೆದರು. ಅವರಿಗೆ ಅಮೆರಿಕದ ಷೇರಿನ ಮೇಲೆ ಮನಸ್ಸು. ಆದರೆ ಭಾರತದ ಫಂಡು ಸಂಸ್ಥೆಗಳೆಲ್ಲ ಸೇರಿ ಹೊರದೇಶದಲ್ಲಿ ಹಾಕಬಹುದಾದದ್ದು 7 ಬಿಲಿಯನ್ ಡಾಲರ್. ಆ ಮಿತಿ ಮುಟ್ಟುತ್ತಾ ಬಂತೆಂದು 2022ರ ಆರಂಭದಲ್ಲಿ ಎಷ್ಟೋ ಫಂಡುಗಳು ಹೊಸ ದುಡ್ಡಿಗೆ ಬಾಗಿಲು ಹಾಕಿದವು. ಮಾವ ಚೆಕ್ಕು ಬರೆದದ್ದು ಆಗಲೇ. “ನೀವು ಇಲ್ಲಿಂದ ಅಲ್ಲಿಗೆ, ನಾನು ಅಲ್ಲಿಂದ ಇಲ್ಲಿಗೆ. ಇಬ್ಬರಿಗೂ ಗೇಟಿನವನು ಬಿಡ್ತಿಲ್ಲ” ಎಂದರು. ಅಂದಿನಿಂದ ಮಾವ ಅಳಿಯನಿಗೆ ಚೆನ್ನಾಗಿ ಹೊಂದಿಕೆಯಾಗಿದೆ.

2025 ರಾಯರ ವರ್ಷ. ಡಾಲರ್ ಇಳಿಯಿತು, ಹೊರದೇಶದ ಷೇರುಗಳು ಅಮೆರಿಕದವನ್ನು ಹಿಂದೆ ಹಾಕಿ ಓಡಿದವು, ಸಣ್ಣವೂ ಜೊತೆಗೆ ಓಡಿದವು. ದೀಪಾವಳಿಯ ಕೂಟದಲ್ಲಿ ಮೊದಲ ಸಲ ಜನ ತಾವಾಗಿಯೇ ಅವರ ಸೋಫಾದ ಹತ್ತಿರ ಕುರ್ಚಿ ಎಳೆದುಕೊಂಡರು. ಟಿಕರ್ ಯಾವುದು, ಈಗ ಹಾಕಿದರೆ ತಡವಾಯಿತೇ ಎಂದು ಕೇಳಿದರು. ರಾಯರು ಉತ್ತರ ಕೊಟ್ಟರೇನೋ ನಿಜ, ಆದರೆ ಅಷ್ಟು ಖುಷಿಯಾದಂತೆ ಕಾಣಲಿಲ್ಲ. ಎಲ್ಲರೂ ಇಟ್ಟ ಮೇಲೆ ಇನ್ನು ಕೇಳುವುದೇನು?

“ಇಷ್ಟು ವರ್ಷಕ್ಕೆ ಒಟ್ಟು ಎಷ್ಟು ಜಾಸ್ತಿ ಬಂತು ರೀ?” ಎಂದು ಹೆಂಡತಿ ಎಲ್ಲರ ಮುಂದೆಯೇ ಕೇಳಿದರು.

“ಅಮೆರಿಕದ ಫಂಡಿಗೆ ಹೋಲಿಸಿದ್ರೆ ಇನ್ನೂ ಹಿಂದೇನೇ ಇದೆ. ಆದ್ರೆ ಅಂತರ ಕಮ್ಮಿಯಾಗಿದೆ.”

ಆ ಹೊತ್ತಿಗೆ ಒಳಗಿನಿಂದ ರಾಯರ ಅತ್ತೆ ಕೋಡುಬಳೆಯ ತಟ್ಟೆ ಹಿಡಿದು ಬಂದರು. ಎರಡೂ ಕೈಯಲ್ಲಿ ಬಳೆ, ಹಳೆಯ ಕಾಲದ್ದು, ಗಟ್ಟಿಯದ್ದು. ಆ ವರ್ಷ ಚಿನ್ನ ಡಾಲರ್ ಲೆಕ್ಕದಲ್ಲೇ ಅರವತ್ತು ಪರ್ಸೆಂಟಿಗೂ ಮಿಕ್ಕಿ ಏರಿತು. ಯಾರೋ ಅದನ್ನು ಎತ್ತಿಯೇಬಿಟ್ಟರು, ಗುಂಪು ನಕ್ಕಿತು. ಚಿನ್ನ ಡಿವಿಡೆಂಡ್ ಕೊಡುವುದಿಲ್ಲ, ಏನನ್ನೂ ಉತ್ಪಾದಿಸುವುದಿಲ್ಲ ಎಂದು ರಾಯರು ಹತ್ತು ನಿಮಿಷ ವಾದಿಸಿದರು. ಆಮೇಲೆ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ಲಿನಲ್ಲಿ ಹೊಸದೊಂದು ಸಾಲು ಸೇರಿಸಿ, ಸಂಕೋಚದಿಂದಲೇ ಕೇಳಿದರು:

“ಅತ್ತೆ, ಆ ಬಳೆಗಳು ಕಲ್ಲಿನ ತೂಕ ಬಿಟ್ಟು ಎಷ್ಟು ಗ್ರಾಂ ಇರಬಹುದು?”

“ಕಲ್ಲು ಸಮೇತ ನನ್ನ ಮಗಳಿಗೆ” ಅಂದರು ಅತ್ತೆ. “ನಿಮ್ಮ ಎಕ್ಸೆಲ್ಲಿಗಲ್ಲ. ಕೋಡುಬಳೆ ತಗೊಳ್ಳಿ.”