ಸೋದರಳಿಯನ ಸಂವಿಧಾನ

ನಮ್ಮ ಮನೆತನದಲ್ಲಿ ಸೋದರಮಾವನೆಂದರೆ ಒಂದು ಗತ್ತು. ಮದುವೆ ಮನೆಯಲ್ಲಿ ಅವನಿಗೆ ಕುರ್ಚಿ ಮೊದಲು, ಪಂಕ್ತಿಯಲ್ಲಿ ತುಪ್ಪ ಮೊದಲು, ಅವನ ಮಾತಿಗೆ ಎದುರು ಮಾತಿಲ್ಲ. ಅಂಥ ನಾನು ಈಗ ಭಾನುವಾರ ಮಧ್ಯಾಹ್ನ ಜಯನಗರದ ನನ್ನದೇ ಮನೆಯಲ್ಲಿ, ನನ್ನದೇ ಊಟದ ಮೇಜಿನ ಮುಂದೆ ಕೂತು, ಒಂದು ಬಾಗಿಲು ತೆಗೆಯಲು ಅಕ್ಕನ ಮಗನ ಅಪ್ಪಣೆ ಕೇಳುತ್ತೇನೆ. ಅವನು ರಟ್ಟಿನ ಮರೆಯ ಹಿಂದಿನಿಂದ, "ಬೀಗ ಹಾಕಿದೆ ಮಾವ, ದಾಳ ಹಾಕಿ" ಎನ್ನುತ್ತಾನೆ. ದಾಳಕ್ಕೆ ಇಪ್ಪತ್ತು ಮುಖ. ನನಗೆ ಬೀಳುವುದು ಮೂರು. ಬಾಗಿಲು ತೆರೆಯುವುದಿಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಆಟಗಾರನಿಗೆ ಒಂದೊಂದು ಪಾತ್ರ. ನನ್ನದು ಕೊಡಲಿ ಹಿಡಿದ ಡ್ವಾರ್ಫ್, ಅಂದರೆ ಗಡ್ಡದ ಕುಳ್ಳ. ಉಳಿದದ್ದೆಲ್ಲ, ಮಳೆ, ಗುಡ್ಡ, ರಾಜ, ರಾಕ್ಷಸ, ಛತ್ರದವನ ಜಿಪುಣತನ ಸಮೇತ, ಡಂಜನ್ ಮಾಸ್ಟರನದು. ಹುಡುಗರ ಬಾಯಲ್ಲಿ ಡಿಎಂ. ನಿಯಮದ ದಪ್ಪ ಪುಸ್ತಕಗಳು ಮೂರು, ಒಂದೊಂದೂ ಮುನ್ನೂರು ಪುಟಕ್ಕೆ ಕಡಿಮೆಯಿಲ್ಲ. ಅಷ್ಟನ್ನೂ ಓದಿ ಮುಗಿಸಿದವನಿಗೆ ತಿಳಿಯುವುದೇನೆಂದರೆ, ಡಿಎಂ ಬೇಡವೆಂದರೆ ಅದರಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ಇದಕ್ಕೆ ರೂಲ್ ಝೀರೋ ಎನ್ನುತ್ತಾರೆ. ಒಂದನೆಯ ನಿಯಮಕ್ಕೂ ಮುಂಚಿನದು.

ಇದು ಅಳಿಯನೇ ಹುಟ್ಟಿಸಿಕೊಂಡ ದಬ್ಬಾಳಿಕೆ ಎಂದು ನನಗೆ ಗುಮಾನಿಯಿತ್ತು. ಮೂಲ ಹುಡುಕುತ್ತ ಹೋದರೆ ಅದು ಪ್ರಷ್ಯಾದ ಸೈನ್ಯಕ್ಕೆ ಹೋಗಿ ಮುಟ್ಟಿತು. 1824ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ನಕ್ಷೆಯ ಮೇಲೆ ಆಡುವ ಕ್ರೀಗ್‌ಸ್ಪೀಲ್ ಎಂಬ ಯುದ್ಧದಾಟದ ನಿಯಮಗಳನ್ನು ಅಚ್ಚು ಹಾಕಿಸಿದ. ಯಾವ ತುಪಾಕಿಗೆ ಎಷ್ಟು ಜನ ಬಿದ್ದರು ಎನ್ನುವುದಕ್ಕೆಲ್ಲ ದಾಳ, ಕೋಷ್ಟಕ. ಲೆಕ್ಕ ಹಾಕಿ ಹಾಕಿ ಅಧಿಕಾರಿಗಳಿಗೆ ಸಾಕಾಯಿತು. 1876ರಲ್ಲಿ ವೆರ್ಡಿ ದ್ಯು ವೆರ್ನ್ವಾ ಎಂಬಾತ, ಕೋಷ್ಟಕ ಪಕ್ಕಕ್ಕಿಡಿ, ಅನುಭವಸ್ಥ ತೀರ್ಪುಗಾರ ಹೇಳಿದ್ದೇ ಫಲಿತಾಂಶ ಎಂದ. ಒಪ್ಪೋಣ. ಆದರೆ ಆ ತೀರ್ಪುಗಾರರು ಯುದ್ಧ ಕಂಡವರು. ನಮ್ಮ ಹುಡುಗ ಕಂಡ ಯುದ್ಧವೆಂದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನದು.

ಅಧಿಕಾರದ ವಾಸನೆಯೂ ಆಟಗಾರರ ಮೇಲೆ ಕೊಂಚ ಕೋಪವೂ ಈ ಪುಸ್ತಕಗಳಿಗೆ ಮೊದಲಿನಿಂದಲೂ ಇದೆ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ಮಹಾಶಯ, ಈ ಗ್ರಂಥವನ್ನು ಓದಿಕೊಂಡು ಬಂದ ಆಟಗಾರನಿಗೆ ಮರ್ಯಾದೆಯ ಸಾವೂ ಸಲ್ಲದು ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. 1984ರ ಪ್ಯಾರನೋಯಾ ಎಂಬ ಆಟದಲ್ಲಂತೂ ನಿಯಮ ಗೊತ್ತಿದೆಯೆಂದು ತೋರಿಸಿಕೊಳ್ಳುವುದೇ ರಾಜದ್ರೋಹ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದು ಬಹಳ ಹಿಂದಿನಿಂದ ಜಾರಿಯಲ್ಲಿದೆ. ಶಿಕ್ಷೆ ಮಾತ್ರ ವರ್ಗಾವಣೆ.

ನಮ್ಮ ಮೇಜಿಗೆ ಒಬ್ಬ ನಿಜವಾದ ವಕೀಲರು ಬರುತ್ತಾರೆ. ಅವರು ವಾದಿಸುವುದಿಲ್ಲ, ಚಕ್ಕುಲಿ ತಿನ್ನುತ್ತಾರೆ. ವಾದಿಸುವವನು ಸಾಫ್ಟ್‌ವೇರ್ ಟೆಸ್ಟರ್. ಸಂದು ಹುಡುಕುವುದು ಅವನ ಹೊಟ್ಟೆಪಾಡು. ಒಂದು ಭಾನುವಾರ ಅವನು, ಎರಡು ಸಾವಿರ ರೈತರನ್ನು ಸಾಲಾಗಿ ನಿಲ್ಲಿಸುತ್ತೇನೆ ಎಂದ. ಒಬ್ಬೊಬ್ಬರಿಗೆ ಐದಡಿ ಜಾಗ. ಒಂದು ಈಟಿಯನ್ನು ಕೈಯಿಂದ ಕೈಗೆ ದಾಟಿಸುವುದು. ಪುಸ್ತಕದ ಪ್ರಕಾರ ಒಂದು ಸುತ್ತೆಂದರೆ ಆರು ಸೆಕೆಂಡು, ಅಷ್ಟರಲ್ಲಿ ಪ್ರತಿಯೊಬ್ಬನೂ ತನ್ನ ಸರದಿ ಮುಗಿಸಬಹುದು. ಹತ್ತು ಸಾವಿರ ಅಡಿ, ಆರು ಸೆಕೆಂಡು: ಈಟಿ ಶಬ್ದಕ್ಕಿಂತ ವೇಗವಾಗಿ ಹೋಗಿ ಡ್ರ್ಯಾಗನ್ನಿನ ಎದೆ ಸೀಳಬೇಕು. "ಆಗಲ್ಲ ಅಂತ ಯಾವ ಪುಟದಲ್ಲಿದೆ, ತೋರ್ಸು ಮಗಾ."

ಇದೇನೂ ಅವನ ಸ್ವಂತ ತಲೆಯಲ್ಲ. ಇಂಥ ಟೆಸ್ಟರುಗಳು ಜಗತ್ತಿನ ತುಂಬ ಇದ್ದು, ನಿಯಮಗಳು ಭೌತಶಾಸ್ತ್ರವಲ್ಲ ಎಂದು 2024ರ ಗೈಡ್‌ನಲ್ಲಿ ಪ್ರಕಾಶಕರೇ ಬರೆಯಬೇಕಾಯಿತು. ಅಳಿಯ ಆ ಪುಟ ತೋರಿಸಲಿಲ್ಲ. ರೂಲ್ ಝೀರೋ ಎನ್ನಲಿಲ್ಲ. "ಸರಿ. ಕೂಲಿ ಎಷ್ಟು?" ಎಂದ. ಪುಸ್ತಕದಲ್ಲಿ ಕೂಲಿಯೂ ಇದೆ: ಕಸುಬು ಬಾರದ ಆಳಿಗೆ ದಿನಕ್ಕೆ ಎರಡು ಬೆಳ್ಳಿ ನಾಣ್ಯ. ಎರಡು ಸಾವಿರ ಆಳಿಗೆ ನಾನೂರು ಚಿನ್ನದ ನಾಣ್ಯ. ನಮ್ಮೆಲ್ಲರ ಜೇಬು ಕೊಡವಿದರೂ ಮೂವತ್ತು ದಾಟಲಿಲ್ಲ. ಹುಡುಗನಿಗೆ ಅಧಿಕಾರ ನಡೆಸಲು ಬರುತ್ತದೆ ಎಂದು ನನಗೆ ಅವತ್ತು ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಸೋದರಮಾವನಲ್ಲವೇ.

ನಾನು ಉತ್ತರ ಕನ್ನಡದವನು, ತಾಳಮದ್ದಲೆ ಕೇಳಿ ಬೆಳೆದವನು. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರ, ಬಾಯಿಗೆ ಬಂದದ್ದೇ ಮಾತು. ಬಾಣ ತಿಂದ ವಾಲಿ ಮುಕ್ಕಾಲು ಗಂಟೆ ರಾಮನನ್ನು ಪ್ರಶ್ನೆಯಲ್ಲಿ ಕೂಡಿಹಾಕುತ್ತಾನೆ. ಅತಿಯಾಯಿತೆಂದು ಕಂಡರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ವಾದ ಅಲ್ಲಿಗೆ ಖತಂ. ಆದರೆ ಭಾಗವತರ ತಲೆಯ ಮೇಲೂ ಪ್ರಸಂಗವೊಂದು ಕೂತಿರುತ್ತದೆ: ವಾದದಲ್ಲಿ ಯಾರು ಗೆದ್ದರೂ ವಾಲಿ ಸಾಯಬೇಕು. ಅಳಿಯನಿಗೆ ಆ ಹಂಗೂ ಇಲ್ಲ. ಅವನ ಮೇಲಿರುವುದು ದಾಳವೊಂದೇ, ಅದನ್ನೂ ಅವನು ಮರೆಯಲ್ಲಿ ಉರುಳಿಸುತ್ತಾನೆ.

ನನ್ನ ತಕರಾರು ಇದೊಂದೇ. ನಿಯಮ ತಿದ್ದಲಿ, ಹೊಸದು ಹುಟ್ಟಿಸಲಿ. ಬಿದ್ದ ದಾಳವನ್ನು ಕರುಣೆಯಿಂದ ತಿದ್ದುವುದು ಬೇಡ. ಹೋದ ತಿಂಗಳು ಗದೆ ಎತ್ತಿದ ರಾಕ್ಷಸನೊಬ್ಬ ನನ್ನ ಕುಳ್ಳನ ಮೇಲೆ ಬಿದ್ದಾಗ, ಮರೆಯ ಹಿಂದೆ ದಾಳ ಉರುಳಿತು. ಅಳಿಯ ಅದನ್ನು ನೋಡಿದ, ನನ್ನನ್ನು ನೋಡಿದ. "ತಪ್ಪಿತು ಮಾವ." ಆ ನೋಟ ನನ್ನ ಅಕ್ಕನದು. ನನ್ನ ಮಾರ್ಕ್ಸ್ ಕಾರ್ಡನ್ನು ಅಪ್ಪನ ಕಣ್ಣಿಗೆ ಬೀಳದಂತೆ ಸೆರಗಿನಡಿ ಇಟ್ಟುಕೊಂಡಾಗಲೂ ಹೀಗೇ ನೋಡಿದ್ದಳು.

"ಇನ್ಮೇಲೆ ದಾಳ ಎಲ್ಲರ ಎದುರಿಗೇ ಹಾಕು" ಎಂದೆ.

"ಖಂಡಿತಾನಾ ಮಾವ?"

"ಖಂಡಿತ."

ಹಾಕಿದ. ಗದೆ ನೆತ್ತಿಗೆ ಬಿತ್ತು. ನೆಲಕ್ಕುರುಳಿದವನು ಬದುಕಬೇಕಾದರೆ ದಾಳ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಮೂರು ಸಲ ತಪ್ಪಿದರೆ ಮುಗಿಯಿತು. ನನಗೆ ನಾಲ್ಕು, ಏಳು, ಎರಡು. "ಶಕುನಿನೂ ಸೋದರಮಾವಾನೇ. ನೀವು ಯಾವ ಶಾಖೆಯವರು?" ಎಂದು ಅಳಿಯ ಹೊಸ ಪಾತ್ರದ ಹಾಳೆ ಕೈಗಿಟ್ಟ.

ಹೆಣ ಇನ್ನೂ ಬಿಸಿಯಿತ್ತು, ಟೆಸ್ಟರ್ ಶುರು ಮಾಡಿದ: "ಕೊಡಲಿ ನಂಗೆ. ಪಕ್ಕದಲ್ಲಿ ನಿಂತಿದ್ದೋನು ನಾನೇ." ನನ್ನ ಹೊಸ ಪಾತ್ರ ಸತ್ತವನ ತಮ್ಮ, ಕೊಡಲಿ ಮನೆತನದ್ದು ಎಂದೆ. ಅಳಿಯ ಮೂರೂ ಪುಸ್ತಕ ತಿರುವಿದ. ದಾಯಭಾಗದ ಅಧ್ಯಾಯ ಯಾವುದರಲ್ಲೂ ಇರಲಿಲ್ಲ. ಮೊದಲ ಬಾರಿಗೆ ಅವನು ಮರೆಯ ಮೇಲಿನಿಂದ ಕತ್ತು ಚಾಚಿ, "ಸಾರ್, ನೀವೇ ಹೇಳಿ" ಎಂದ.

ವಕೀಲರು ಬೆರಳು ಒರೆಸಿಕೊಂಡರು. "ಮೃತ ವ್ಯಕ್ತಿ ಉಯಿಲು ಬರೆದಿದ್ದಾನಾ?"

"ಇಲ್ಲ ಸಾರ್."

"ಹಾಗಾದ್ರೆ ಮುಂದಿನ ಭಾನುವಾರಕ್ಕೆ ವಾಯಿದೆ. ಅಲ್ಲೀವರೆಗೂ ಕೊಡಲಿ ನನ್ನ ವಶದಲ್ಲಿರಲಿ."