ಇನ್ನೂರು ಕ್ವಿಂಟಾಲ್ ಕೊಬ್ಬರಿಯ ಎಂಜಿನಿಯರ್

ಸಿಇಟಿಯಲ್ಲಿ ನಮ್ಮ ಅಕ್ಕನ ಮಗನಿಗೆ ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಸೀಟು ಸಿಕ್ಕಿತು. ಬೇಕೆಂದಿದ್ದ ಬ್ರಾಂಚೇ. ಅವತ್ತಿನಿಂದ ತಿಪಟೂರು ಪಕ್ಕದ ಅವರ ಮನೆಯಲ್ಲಿ ಸೂತಕದ ಕಳೆ.

ನಾನು ಸ್ವೀಟ್ ಬಾಕ್ಸ್ ಹಿಡಿದು ಹೋದೆ. ಅಕ್ಕ ಅದನ್ನು ಪಕ್ಕದ ಮನೆಯವರಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಒಳಗೆ ಒಯ್ದಳು. "ಫೀಸು ಎಷ್ಟಂತೆ ಭಾವ?" ಎಂದೆ. ಭಾವ ದನಿ ತಗ್ಗಿಸಿದರು: "ವರ್ಷಕ್ಕೆ ಐವತ್ತು ಸಾವಿರವೂ ಆಗಲ್ವಂತೆ ಕಣಯ್ಯ. ಇಷ್ಟು ಕಮ್ಮಿಗೆ ಕೊಡ್ತಾರೆ ಅಂದ್ರೆ ಏನೋ ಐಬಿರಬೇಕು."

ಈ ಐಬಿನ ಸೀಟಿಗಾಗಿ ಅವರು ಅಲೆದದ್ದು ಅಷ್ಟಿಷ್ಟಲ್ಲ. ಹುಡುಗ ಕರ್ನಾಟಕದಲ್ಲೇ ಏಳು ವರ್ಷ ಓದಿದ್ದಾನೆಂದು ಒಂದು ಕಾಗದ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದಾನೆಂದು ಗ್ರಾಮೀಣ ಮೀಸಲಿಗೆ ಇನ್ನೊಂದು. ಬಿಇಒ ಸಾಹೇಬರ ಮೇಲುರುಜುವಿಗೆ ಮೂರು ಸಲ ಓಡಾಟ. ಮಗ ಈ ನಾಡಿನವನೇ ಎಂದು ಕಷ್ಟಪಟ್ಟು ಸಾಬೀತು ಮಾಡಿದವರು, ಸಾಬೀತಾದ ಮರುದಿನವೇ ಅವನನ್ನು ನಾಡಿನಾಚೆ ಕಳಿಸಲು ಬ್ರೋಷರ್ ತರಿಸಿದರು.

ತಮಿಳುನಾಡಿನ ಒಂದು ಡೀಮ್ಡ್ ವಿಶ್ವವಿದ್ಯಾಲಯದ್ದು. ಮೊದಲ ಪುಟದಲ್ಲೇ ನೀಲಿ ಈಜುಕೊಳ. ಹಾಸ್ಟೆಲ್ಲೂ ಸೇರಿ ನಾಲ್ಕು ವರ್ಷಕ್ಕೆ 24 ಲಕ್ಷ.

ನಮ್ಮ ಕಡೆ ಲಕ್ಷದ ಲೆಕ್ಕ ತಲೆಗೆ ಹೋಗುವುದು ಕೊಬ್ಬರಿಗೆ ತಿರುಗಿಸಿದ ಮೇಲೆಯೇ. ಮಾರುಕಟ್ಟೆ ಧಾರಣೆ ಬೆಳಿಗ್ಗೆ ಒಂದು, ಸಂಜೆ ಒಂದು. ಕೇಂದ್ರದ ಬೆಂಬಲ ಬೆಲೆಯನ್ನೇ ಹಿಡಿಯೋಣ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಅದು ಕ್ವಿಂಟಾಲಿಗೆ 12,100 ರೂಪಾಯಿ ಇತ್ತು. ಅಂದರೆ ಗಡಿಯಾಚೆಯ ಎಂಜಿನಿಯರ್ ಹೆಚ್ಚೂಕಮ್ಮಿ ಇನ್ನೂರು ಕ್ವಿಂಟಾಲ್. ಹಾಸನದವನು ಊಟ, ವಸತಿ ಎಲ್ಲ ಸೇರಿ ಐವತ್ತು ದಾಟಲಾರ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು ತಯಾರಾಗುವ ಕೊಬ್ಬರಿ ಫೀಸ್ ಕೌಂಟರಿನಲ್ಲಿ ಐದೇ ನಿಮಿಷಕ್ಕೆ ರಸೀದಿಯಾಗುತ್ತದೆ. ಅಷ್ಟು ಕೊಬ್ಬರಿ ಇಲ್ಲದವರಿಗೆ ಬ್ಯಾಂಕಿದೆ. ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. ಭಾವ ಆಗಲೇ ಪಹಣಿ ತೆಗೆಸಿಟ್ಟಿದ್ದರು.

"ಯಾಕೆ ಭಾವ ಇಷ್ಟೆಲ್ಲ?"

"ಎಕ್ಸ್‌ಪೋಜರ್ ಕಣಯ್ಯ!"

ಎಕ್ಸ್‌ಪೋಜರ್ ಎಂದರೇನೆಂದು ನನಗೆ ತಿಳಿದದ್ದು ಮೊನ್ನೆ ಮದುವೆಯ ಪಂಕ್ತಿಯಲ್ಲಿ. "ಹುಡುಗ ಎಲ್ಲಿ ಓದ್ತಾನೆ?" ಎಂದು ಕೇಳಿದವರಿಗೆ "ಹಾಸನ" ಅಂದರೆ, ಅವರು ಸಾರಿನವನನ್ನು ಕೂಗುತ್ತಾರೆ. "ಚೆನ್ನೈ" ಅಂದರೆ, ಸಾರಿನವನನ್ನು ಮುಂದಕ್ಕೆ ಕಳಿಸಿ ನಿಮ್ಮ ಕಡೆ ತಿರುಗಿ ಕೂರುತ್ತಾರೆ. ಆ ಒಂದು ತಿರುಗುವಿಕೆಯ ಬೆಲೆ ನೂರೈವತ್ತು ಕ್ವಿಂಟಾಲ್.

ಅತ್ತ ಕೇರಳ, ಆಂಧ್ರ, ಬಿಹಾರದ ಅಪ್ಪಂದಿರೂ ಇದೇ ಎಕ್ಸ್‌ಪೋಜರಿಗಾಗಿ ಸಾಲ ಮಾಡಿ ಮಕ್ಕಳನ್ನು ಬೆಂಗಳೂರಿಗೆ ತುಂಬುತ್ತಿದ್ದಾರೆ. ಅವರ ರೈಲೂ ನಮ್ಮ ರೈಲೂ ಜೋಲಾರಪೇಟೆಯಲ್ಲಿ ಎದುರುಬದುರಾಗುತ್ತವೆ. ಹುಡುಗರು ಅಲ್ಲೇ ಇಳಿದು ಸೀಟು ಅದಲುಬದಲು ಮಾಡಿಕೊಂಡರೆ ಎರಡೂ ಕಡೆಯ ತೋಟ ಉಳಿದೀತು.

ಭಾವನ ಪಡಸಾಲೆಯ ಗೋಡೆಯ ಮೇಲೆ ಪೇಟ ತೊಟ್ಟ ವಿಶ್ವೇಶ್ವರಯ್ಯನವರಿದ್ದಾರೆ. ಅವರೂ ಹೊರಗೆ ಹೋಗಿ ಓದಿದವರೇ, ಪುಣೆಯಲ್ಲಿ. ಆದರೆ ತೋಟ ಅಡವಿಟ್ಟಲ್ಲ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ. ಆಗ ಇಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ದಿವಾನರಾದ ಮೇಲೆ, 1917ರಲ್ಲಿ, ಬೆಂಗಳೂರಿನಲ್ಲಿ ಒಂದನ್ನು ಶುರು ಮಾಡಿಸಿದರು. ಈಗ ಊರೂರಿಗೆ ಕಾಲೇಜಿದೆ. ನಾವು ಅವರಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಪಹಣಿ ಹಿಡಿದು ಹೊರಡುತ್ತೇವೆ.

ಹಾಗೆಂದು ಸರ್ಕಾರದ ಬೆನ್ನು ತಟ್ಟಬೇಕಾಗಿಲ್ಲ. ಕಟ್ಟಡ ಕಟ್ಟಿ ಮೇಷ್ಟ್ರನ್ನು ಮರೆಯುವುದು, ಪಾಠ ಮಾಡುವವರನ್ನು 'ಅತಿಥಿ' ಎಂದು ಕರೆದು ವರ್ಷಗಟ್ಟಲೆ ಅತಿಥಿಯಾಗಿಯೇ ಇಟ್ಟುಕೊಳ್ಳುವುದು ಅದಕ್ಕೆ ಅಭ್ಯಾಸವಾಗಿದೆ. ಉದ್ಘಾಟನೆಯ ಶಿಲಾಫಲಕದಲ್ಲಿ ಹೆಸರಿರುವವರ ಮಕ್ಕಳ ಹೆಸರು ಅದೇ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಕಂಡದ್ದುಂಟೆ? ಭಾವನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.

ಸೀಟು ಬಂದ ಮೇಲೆ, ಸಿಇಟಿ ನಡೆಸುವ ಕೆಇಎ ನಾಲ್ಕು ಚಾಯ್ಸ್ ಕೊಡುತ್ತದೆ. ಒಂದನ್ನು ಒತ್ತಿದರೆ ಸೀಟು ಒಪ್ಪಿದ ಹಾಗೆ. ನಾಲ್ಕನ್ನು ಒತ್ತಿದರೆ ಸಹವಾಸವೇ ಬೇಡವೆಂದು ಎದ್ದು ನಡೆದ ಹಾಗೆ. ಭಾವನ ಬೆರಳು ನಾಲ್ಕರ ಮೇಲೆ ಆಡುತ್ತಿತ್ತು. ಅಷ್ಟು ಹೊತ್ತೂ ಯಾರೂ ಮಾತಾಡಿಸದ ಹುಡುಗನನ್ನು ನಾನೇ ಕೇಳಿದೆ, "ನೀನೇನಂತೀಯೋ?"

ಅವನು ಬ್ರೋಷರ್ ಮಡಿಸಿಟ್ಟ. "ನನಗೆ ಈಜು ಬರುತ್ತೆ ಮಾವ. ಕೆರೇಲೇ ಕಲಿತಿದ್ದೀನಿ."

ನಾಲ್ಕನ್ನು ಒತ್ತಲು ಹೊರಟ ಅಪ್ಪಂದಿರೇ, ಅದಕ್ಕೆ ಮುಂಚೆ ಒಂದು ಕೆಲಸದ ದಿನ ಇಲ್ಲಿಯ ಕಾಲೇಜಿಗೆ ಬಸ್ಸು ಹತ್ತಿ. ಲ್ಯಾಬಿನ ಬಾಗಿಲು ತೆರೆದಿದೆಯೇ, ಒಳಗೆ ಮೇಷ್ಟ್ರಿದ್ದಾರೆಯೇ ನೋಡಿ. ಕೊನೆಯ ವರ್ಷದ ಹುಡುಗರನ್ನು ಮಾತಾಡಿಸಿ. ಗಡಿಯಾಚೆಯ ಕಾಲೇಜಿಗೂ ಹೋಗಿ, ಈಜುಕೊಳ ಬಿಟ್ಟು ಮಿಕ್ಕದ್ದನ್ನು ನೋಡಿ. ಆಮೇಲೂ ಇನ್ನೂರು ಕ್ವಿಂಟಾಲ್ ಬಾಳುತ್ತದೆ ಅನ್ನಿಸಿದರೆ ಧಾರಾಳವಾಗಿ ಕಳಿಸಿ. ಅಲ್ಲಾಡಿಸಿ ನೋಡದೆ ಕೊಬ್ಬರಿ ಕೊಳ್ಳುವ ವರ್ತಕ ತಿಪಟೂರಿನಲ್ಲಿ ಒಬ್ಬನೂ ಇಲ್ಲ.